ಒರೆಸಿದರೂ ಹೋಗದ ವಿಭೂತಿ

ನೀರಿನಲ್ಲಿ ಉಜ್ಜಿದ ತುಂಡಿನಲ್ಲಿ ಬರೀ ತೂತುಗಳಿದ್ದವು. ಎಣ್ಣೆಯಲ್ಲಿ ಉಜ್ಜಿದ ತುಂಡಿನಲ್ಲಿ, ಅದೇ ಜಾಗದಲ್ಲಿ, ಸೂಜಿಗಳಿದ್ದವು.

ನಾನು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಎಲ್ಲಿ ಮಾಯವಾಗಿಬಿಡುತ್ತವೋ ಎಂಬ ಅಂಜಿಕೆ. ಬೂದು ಬಣ್ಣದ ಬಯಲು, ಅದರ ತುಂಬ ಕರಿಯ ತೆಳ್ಳನೆಯ ಸೂಜಿಗಳು, ಮಂಜು ಬಿದ್ದ ಬೆಳಗಿನಲ್ಲಿ ಹುಲ್ಲು ಕಂಡ ಹಾಗೆ. ಆ ಹುಲ್ಲಿನ ನಡುವೆ ಯಾರೋ ನಡೆದುಹೋದಂತೆಯೂ ಒಂದು ಕ್ಷಣ ಕಂಡಿತು.

ಇದು ನನ್ನ ಹಳೆಯ ಚಾಳಿ. ಲೋಹ ನೋಡಲು ಕೂತರೆ ಲೋಹ ಮರೆತುಹೋಗುತ್ತದೆ. ಊರು, ಹೊಳೆ, ಮೋಡ ಕಾಣತೊಡಗುತ್ತವೆ. ನಾಸಿಕದ ಸಾತಪುರದಲ್ಲಿ ಪುಟ್ಟದೊಂದು ಲೋಹಪರೀಕ್ಷೆಯ ಕೋಣೆ ಇಟ್ಟುಕೊಂಡು, ಮುರಿದದ್ದು ಯಾಕೆ ಮುರಿಯಿತು ಎಂದು ಪೊಲೀಸರಿಗೂ ವಿಮೆಯವರಿಗೂ ಹೇಳಿ ಹೊಟ್ಟೆ ಹೊರೆಯುವ ಹೆಂಗಸಿಗೆ ಇದು ಒಳ್ಳೆಯ ಗುಣವಲ್ಲ. ಆದರೆ ಸುಳ್ಳು ಯಾಕೆ ಹೇಳಲಿ, ನನ್ನ ಅರ್ಧ ಉತ್ತರಗಳು ಇಂಥ ಮಂಪರಿನಲ್ಲೇ ಸಿಕ್ಕಿವೆ.

“ಅಕ್ಕಾರ, ಏನರ ಕಾಣ್ಲತ್ತದೇನ್ರಿ?”

ಬಾಗಿಲ ಬಳಿಯ ಬೆಂಚಿನಿಂದ ಭಾಗ್ಯಶ್ರೀ ಕೇಳಿದಳು. ಸಂಭಾಜಿನಗರದ ಹತ್ತಿರದ ವಾಳೂಜಿನ ಶೆಡ್ಡಿನಲ್ಲಿ ಭಾರ ಎತ್ತುವ ಲೋಹದ ತೋಳು ಮುರಿದು, ಕೆಳಗಿದ್ದ ಅಭಿಜಿತ್ ಎಂಬ ಎಂಜಿನಿಯರ್ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿಲ್ಲ. ಆ ತೋಳನ್ನು ನಾಸಿಕದಲ್ಲಿ ಬೆಸೆದ ಶಿವಲಿಂಗ, ಅಂದರೆ ಇವಳ ಗಂಡ, ಅಂದಿನಿಂದ ಕಾಣೆಯಾಗಿದ್ದಾನೆ.

“ಕಾಣ್ಲತ್ತದ ತಂಗಿ,” ಅಂದೆ. “ನಿನ್ನ ಗಂಡನ ಕೆಲಸ ಅಲ್ಲದ್ದು ಏನೋ ಕಾಣ್ಲತ್ತದ.”

ಅವಳು ಎದ್ದು ಬಂದಳು, ಆದರೆ ಹತ್ತಿರ ಬರಲಿಲ್ಲ. ಮುರಿದದ್ದನ್ನು ನೋಡಲೆಂದು ಪೊಲೀಸರು ನನ್ನನ್ನು ಕರೆಸಿದ್ದ ಆ ಕಾಲೇಜಿನ ಪ್ರಯೋಗಶಾಲೆಯ ಕಿಟಕಿಯಿಂದ ಛತ್ರಪತಿ ಸಂಭಾಜಿನಗರ ಅರೆಬರೆ ಕಾಣುತ್ತಿತ್ತು. ಮಕ್ಬರಾ ಎಂಬ ಹಳೆಯ ಗೋರಿಯ ಬಿಳಿ ಗುಮ್ಮಟ ಮೋಡದಲ್ಲಿ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಭಾಗ್ಯಶ್ರೀ ಅದನ್ನೇ ನೋಡುತ್ತ ನಿಂತಳು. ಒಳ್ಳೆಯ ಸುದ್ದಿಯನ್ನು ಪೂರ್ತಿ ಕೇಳಲು ಅವಳಿಗೆ ಹೆದರಿಕೆ.

ಆ ತೋಳು ಬರೀ ಅಲ್ಯೂಮಿನಿಯಮ್ಮಿನದಲ್ಲ. ಅದರೊಳಗೆ ಸಿಲಿಕಾನ್ ಕಾರ್ಬೈಡಿನ ಸಣ್ಣ ಹರಳುಗಳನ್ನು ಬೆರೆಸಿರುತ್ತಾರೆ, ಚಿಕ್ಕಿಯ ಬೆಲ್ಲದಲ್ಲಿ ಶೇಂಗಾ ಇದ್ದ ಹಾಗೆ. ತೂಕ ಕಡಿಮೆ, ಬಿಗಿ ಜಾಸ್ತಿ. ಸುಲಭಕ್ಕೆ ಬಾಗುವುದಿಲ್ಲ, ಸವೆಯುವುದಿಲ್ಲ. ಆದರೆ ಮಹಾ ಹಟಮಾರಿ ಲೋಹ. ಎರಡು ಹಲಗೆ ಜೋಡಿಸಬೇಕೆಂದರೆ ಕರಗಿಸುವ ಹಾಗಿಲ್ಲ. ಕರಗಿಸಿದರೆ ಹರಳಿನ ಇಂಗಾಲ ಕಳಚಿಕೊಂಡು ಅಲ್ಯೂಮಿನಿಯಮ್ಮಿನ ಜೊತೆ ಸೇರಿ ಸೂಜಿಯಂಥ ಹೊಸದೊಂದು ವಸ್ತುವಾಗುತ್ತದೆ. ಆ ಸೂಜಿಗೆ ನೀರು ಆಗಿಬರುವುದಿಲ್ಲ. ಗಾಳಿಯ ತೇವಕ್ಕೇ ಮೆಲ್ಲಗೆ ಪುಡಿಯಾಗುತ್ತ ಜೋಡಣೆಯನ್ನು ಒಳಗಿನಿಂದ ಪೊಳ್ಳು ಮಾಡುತ್ತದೆ. ಮೊದಲ ತುಂಡನ್ನು ನಾನು ಎಂದಿನಂತೆ ನೀರು ಬಿಟ್ಟು ಉಜ್ಜಿದ್ದೆ. ಸಾಕ್ಷಿಯನ್ನು ಕೈಯಾರೆ ತೊಳೆದುಹಾಕಿದ್ದೆ.

ಅದಕ್ಕೇ ಶಿವಲಿಂಗನ ಯಂತ್ರ ಏನನ್ನೂ ಕರಗಿಸುವುದಿಲ್ಲ. ಗರಗರ ತಿರುಗುವ ಗೂಟವೊಂದನ್ನು ಎರಡು ಹಲಗೆಗಳ ಸಂದಿಗೆ ಇಳಿಸುತ್ತದೆ. ತಿಕ್ಕಾಟದ ಬಿಸಿಗೆ ಲೋಹ ಮೆತ್ತಗಾಗುತ್ತದೆ, ಗೂಟ ಅದನ್ನು ಕಲಸುತ್ತ ಮುಂದೆ ಸಾಗುತ್ತದೆ. ಕೊನೆಯಲ್ಲಿ ಗೂಟ ಮೇಲೆದ್ದಾಗ ಅಲ್ಲೊಂದು ತೂತು ಉಳಿಯುತ್ತದೆ. ಆ ತೂತಿಗೆಂದೇ ಹಲಗೆಯನ್ನು ಸ್ವಲ್ಪ ಉದ್ದ ಬಿಟ್ಟು, ಆಮೇಲೆ ತುದಿಯನ್ನು ಕತ್ತರಿಸಿ ಎಸೆಯುತ್ತಾರೆ.

ಈ ತೋಳಿನಲ್ಲಿ ತೂತನ್ನು ಕತ್ತರಿಸಿರಲಿಲ್ಲ. ಯಾರೋ ಆರ್ಗಾನ್ ವೆಲ್ಡಿಂಗ್ ಹಚ್ಚಿ, ಕರಗಿಸಿ ತುಂಬಿದ್ದರು. ಮೇಲೆ ನುಣ್ಣಗೆ ಉಜ್ಜಿ ಮುಚ್ಚಿದ್ದರು. ಮಳೆಗಾಲ ಬಂತು, ಸೂಜಿಗಳು ಪುಡಿಯಾಗತೊಡಗಿದವು, ಮುರಿತ ಅಲ್ಲಿಂದಲೇ ಶುರುವಾಯಿತು.

“ನಿಮ್ಮವರು ಆರ್ಗಾನ್ ಕೈಲಿ ಹಿಡೀತಾರೇನು?”

“ಇಲ್ರಿ ಅಕ್ಕಾರ. ಆ ಬೆಳಕು ನೋಡಿದ್ರ ಅವರಿಗಿ ತಲಿ ನೋಯ್ತದ. ಆ ಕೆಲಸ ಬ್ಯಾರೆ ಮಂದಿ ಮಾಡ್ತಾರ.”

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮುರಿದ ತುಂಡಿನ ಮೇಲೆ ವಿಭೂತಿ ಇತ್ತು. ಮೂರು ಬೆರಳಿನ ಮೂರು ಗೆರೆ, ತುಂಬಿದ ತೂತಿನ ಮೇಲೆಯೇ ಹಾದುಹೋಗಿದ್ದವು. ತೂತು ತುಂಬಿದ ಮೇಲೆ ಎಳೆದ ಗೆರೆಗಳು ಅವು. ತೋಳು ತಯಾರಾದ ನಾಸಿಕದ ಅಂಬಡದ ಕಾರ್ಖಾನೆಯಲ್ಲಿ ಮುಗಿದ ತೋಳಿಗೆ ವಿಭೂತಿ ಹಚ್ಚುವವನು ಶಿವಲಿಂಗ ಒಬ್ಬನೇ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದರು.

ಫೋನು ಗುಂಯ್ ಅಂದಿತು. ಈ ಕೇಸಿನ ಇನ್‌ಸ್ಪೆಕ್ಟರ್ ಜಯಮಾಲಾ. ಕನ್ನಡ ಬಾರದವರು, ಮರಾಠಿಯಲ್ಲೇ ಮಾತು.

“ವಸುಧಾತಾಯಿ, ಬೂದಿ ಇದೆಯೋ ಇಲ್ಲವೋ?”

“ಇದೆ.”

“ತುಂಬಿದ ಜಾಗದ ಮೇಲೆ?”

“ಮೇಲೆಯೇ.”

“ಹಾಗಾದರೆ ಅವನು ನೋಡಿದ್ದಾನೆ, ಒಪ್ಪಿದ್ದಾನೆ, ಕಳಿಸಿದ್ದಾನೆ. ತಾನೇ ತುಂಬಿಸಿದನೋ, ಇನ್ನೊಬ್ಬರ ಕೈಲಿ ತುಂಬಿಸಿದನೋ, ನನಗೆ ಎರಡೂ ಒಂದೇ. ಅವನ ಸುಳಿವು ಸಿಕ್ಕಿದೆ, ನಾನು ಬೆಳಗ್ಗೆಯೇ ದಾರಿ ಹಿಡಿದಿದ್ದೇನೆ. ಇವತ್ತು ಅವನು ಸಿಕ್ಕರೆ ಒಳಗೆ ಹಾಕುತ್ತೇನೆ. ನಿಮಗೆ ಬೇರೆ ಏನಾದರೂ ಗೊತ್ತಾದರೆ ಅದಕ್ಕೆ ಮೊದಲೇ ಹೇಳಿ. ಆಮೇಲೆ ಹೇಳಿ ಉಪಯೋಗವಿಲ್ಲ.”

ಅವರು ಕೆಟ್ಟವರಲ್ಲ, ಅವಸರದವರು. ನಾನು ಅವಸರ ಮಾಡಲಾರದವಳು. ಹತ್ತಿಯನ್ನು ನೀರಿನಲ್ಲಿ ಅದ್ದಿ, ಆ ಗೆರೆಯ ಅಂಚನ್ನು ಒರೆಸಿದೆ.

ವಿಭೂತಿ ಹೋಗಲಿಲ್ಲ.

ಜೋರಾಗಿ ಒರೆಸಿದೆ. ಹೋಗಲಿಲ್ಲ. ಹತ್ತಿ ಬಿಳಿಯಾಗಿಯೇ ಉಳಿಯಿತು. ಹಣೆಯ ವಿಭೂತಿ ಬೆವರಿಗೇ ಹೋಗುತ್ತದೆ. ಇದು ಮಳೆಗಾಲದ ತೇವ ಕಂಡು, ನೆಲಕ್ಕೆ ಬಿದ್ದು, ಪೊಲೀಸರ ಗೋಣಿಚೀಲದಲ್ಲಿ ಉರುಳಾಡಿಯೂ ಅಂಟಿಕೊಂಡಿತ್ತು. ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿಸಿದೆ. ಕೂಡಲೇ ಕರಗಿ ಬಂತು. ಬೂದಿಯ ಮೇಲೆ ಯಾರೋ ಬಣ್ಣವಿಲ್ಲದ ಲ್ಯಾಕರ್ ವಾರ್ನಿಷ್ ಬಳಿದಿದ್ದರು.

“ಭಾಗ್ಯಾ, ನಿಮ್ಮವರು ವಿಭೂತಿ ಹ್ಯಾಂಗ ಹಚ್ತಾರ?”

“ಹ್ಯಾಂಗಂದ್ರ? ನೀರಾಗ ಬೆರಳ ಎದ್ದಿ ಹಚ್ತಾರ. ಭಾಲ್ಕಿಯಿಂದ ನಮ್ಮತ್ತಿ ಸಕ್ರವ್ವ ಕಳಿಸಿದ ವಿಭೂತಿ ಮಷೀನ್ ಬಾಜೂಕೇ ಡಬ್ಬ್ಯಾಗ ಇರ್ತದ. ಯಾಕ್ರಿ?”

“ನಾಸಿಕಕ್ಕ ಹೋಗೋಣ ನಡಿ,” ಅಂದೆ.

* * *

ಕೆಂಪು ಎಸ್‌ಟಿ ಬಸ್ಸಿಗೆ ಇಲ್ಲಿ ಲಾಲ್ ಪರಿ ಅನ್ನುತ್ತಾರೆ, ಕೆಂಪು ಕಿನ್ನರಿ. ನಮ್ಮ ಕಿನ್ನರಿಯ ಕಿಟಕಿಗಳು ಮುಚ್ಚುತ್ತಿರಲಿಲ್ಲ, ಸೀಟು ಒದ್ದೆಯಾಗಿತ್ತು. ಗಂಗಾಪುರ ದಾಟುವ ಹೊತ್ತಿಗೆ ಹೊರಗಿನ ಹತ್ತಿ ಹೊಲಗಳೆಲ್ಲ ಹೊಗೆಯಂಥ ಮಳೆಯಲ್ಲಿ ಕರಗಿ, ರಸ್ತೆ ಎಲ್ಲಿಗೂ ಹೋಗದೆ ಸುಮ್ಮನೆ ತೇಲುತ್ತಿರುವಂತೆ ಅನಿಸಿತು.

ಭಾಗ್ಯಶ್ರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಗಂಡ ಎಲ್ಲಿದ್ದಾನೆ ಎಂಬುದು ಅವಳಿಗೆ ಗೊತ್ತು. ಅದು ನನಗೂ ಗೊತ್ತು. ನಾನು ಕೇಳಿರಲಿಲ್ಲ. ಕೇಳಿ ತಿಳಿದುಕೊಂಡರೆ ಜಯಮಾಲಾಗೆ ಹೇಳಬೇಕಾಗುತ್ತದೆ.

“ಅವರು ಓಡಿ ಹೋಗಬಾರದಿತ್ತು,” ಅಂದೆ.

“ನಾನೇ ಓಡಿಸೀನ್ರಿ. ಒಳಗ ಹಾಕಿದ್ರ ಬಡೀತಾರ ಅಂತ ಎಲ್ಲಾರೂ ಅಂದ್ರು. ಅವರು ಒಲ್ಲೆ ಅಂದ್ರು. ನನ್ನ ಜೋಡಣಿ ಮುರಿಯಂಗಿಲ್ಲ, ನಾ ಯಾಕ ಓಡ್ಲಿ ಅಂದ್ರು. ನಾನೇ ಅತ್ತು ಕರದು ಕಳ್ಸೀನಿ.”

ಅವಳ ಕಣ್ಣು ತುಂಬಿತು. ಹೆಂಡತಿಯ ಕಣ್ಣೀರಿಗೆ ಊರು ಬಿಟ್ಟವನು ಈಗ ಜಗತ್ತಿನ ಕಣ್ಣಿಗೆ ತಪ್ಪಿತಸ್ಥ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಮರುಕ ಬಂತು.

“ಆ ತೋಳಿನ ವಿಷಯ ಹೇಳು. ಬೇಸಿಗಿ ಕೊನಿಗೆ ಅವರು ಊರಿಗೆ ಹೋಗಿದ್ರಲ್ಲ?”

“ಹೌದ್ರಿ, ನಾದಿನಿ ಕೂಸಿನ ತೊಟ್ಟಿಲಿತ್ತು. ಹೋಗೂ ಮುಂದ ಎರಡು ತೋಳು ಬಾಜೂಕ ಇಟ್ಟು ಹೋಗಿದ್ರು. ಹಲಗಿ ಗಿಡ್ಡ ಬಂದಿದ್ವಂತ, ತೂತು ಕೊಯ್ಯಾಕ ಜಾಗನೇ ಇರಲಿಲ್ಲಂತ. ವಾಪಸ್ ಬಂದು ಕೇಳಿದ್ರ, ಅವೆರಡೂ ಭಂಗಾರಕ್ಕ ಹಾಕೀವಿ ಅಂತ ಕಾರ್ಖಾನಿ ಸಾಹೇಬ್ರು ಅಂದ್ರು.”

“ಭಂಗಾರಕ್ಕ?”

“ಹೌದ್ರಿ. ಇವರೂ ಒಳ್ಳೇದಾತು ಅಂದ್ರು.”

ಭಂಗಾರ ಎಂದರೆ ಗುಜರಿ. ಗುಜರಿಗೆ ಹೋಗಬೇಕಾದ ತೋಳು ವಾಳೂಜಿಗೆ ಹೋಗಿ ಅಭಿಜಿತ್‌ನ ತಲೆಯ ಮೇಲೆ ಬಿದ್ದಿತ್ತು. ನಾನು ಕಿಟಕಿಯ ಆಚೆ ನೋಡಿದೆ. ಹೊಲದ ನಡುವೆ ಒಬ್ಬ ಮುದುಕ ಕೊಡೆ ಹಿಡಿದು, ಯಾರನ್ನೋ ಕಾಯುವಂತೆ ನಿಂತಿದ್ದ.

“ಇನ್ನೊಂದು ಮಾತು ಕೇಳ್ತೀನಿ. ವಿಭೂತಿ ಇಲ್ಲದ ತೋಳು ಕಾರ್ಖಾನಿ ಬಿಟ್ಟು ಹೊರಗ ಹೋಗ್ತದೇನು?”

ಅವಳು ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು.

“ಇಲ್ರಿ. ಲೋಡಿಂಗ್ ಮಂದಿ ಎಲ್ಲಾ ಮರಾಠಿಯವರು. ಅವರಿಗಿ ಆ ಕಾಗದ, ಸ್ಟಿಕರು ಏನೂ ಬ್ಯಾಡ. ‘ಶಿವಾಚಾ ಹಾತ್ ಲಾಗಲಾ ಕಾ’ ಅಂತ ಕೇಳ್ತಾರ, ಶಿವನ ಕೈ ಹತ್ತೇದೇನು ಅಂತ. ಮೂರು ಗೆರಿ ಕಂಡ್ರೇ ಗಾಡಿಗೆ ಏರಸ್ತಾರ. ಒಂದ್ಸಲ ಇವರು ಜ್ವರ ಬಂದು ಮನ್ಯಾಗಿದ್ರು. ಗಾಡಿ ನಿಂದ್ರಿಸಿ, ಕರಕೊಂಡು ಹೋಗಿ, ವಿಭೂತಿ ಹಚ್ಚಿಸಿ ಕಳಿಸ್ಯಾರ.”

ಭಕ್ತಿಗೆ ಎಳೆದ ಗೆರೆ ಯಾವಾಗಲೋ ಆ ಕಾರ್ಖಾನೆಯ ಮೊಹರಾಗಿಬಿಟ್ಟಿತ್ತು. ಶಿವಲಿಂಗ ಊರಲ್ಲಿಲ್ಲದಾಗ ತೋಳು ಹೊರಗೆ ಹೋಗಬೇಕಾದರೆ ಬೇರೆ ಯಾರಾದರೂ ಆ ಮೊಹರು ಒತ್ತಲೇಬೇಕು. ಡಬ್ಬಿ ಯಂತ್ರದ ಪಕ್ಕದಲ್ಲೇ ಇದೆ. ಬೆರಳು ಯಾರದಾದರೂ ಆಗಬಹುದು.

ಆದರೆ ಲ್ಯಾಕರ್ ಯಾಕೆ?

ಯೇವಲೆಯ ಆಚೆ ನನಗೆ ಜೋಂಪು ಹತ್ತಿತು. ಆ ಬೂದು ಬಯಲಿಗೆ ಮತ್ತೆ ಹೋದೆ. ಕರಿಯ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಮೆಲ್ಲಗೆ ಮಳೆ ಶುರುವಾಗಿ, ಹನಿ ಬಿದ್ದ ಕಡೆಯಲ್ಲೆಲ್ಲ ಹುಲ್ಲು ಸದ್ದಿಲ್ಲದೆ ಇಲ್ಲವಾಗುತ್ತಿತ್ತು. ಬಯಲಿನ ನಡುವೆ ಒಂದು ಮೇಜು. ಮೇಜಿನ ಮೇಲೆ ಒಂದು ಕೈ, ಬರೀ ಕೈ. ಬಹಳ ನಾಜೂಕಾಗಿ, ಸಣ್ಣ ಕುಂಚದಿಂದ, ಯಾವುದೋ ಗುರುತಿನ ಮೇಲೆ ಬಣ್ಣವಿಲ್ಲದ್ದೇನನ್ನೋ ಬಳಿಯುತ್ತಿತ್ತು. ‘ಗುರುತು ಹಾಕಿದ್ಮೇಲೆ ಅದನ್ನ ಕಾಪಾಡ್ಬೇಕಮ್ಮ, ಇಲ್ದಿದ್ರೆ ಹಾಕಿ ಏನು ಪ್ರಯೋಜನ’ ಎಂದು ಆ ಕೈ ಮೈಸೂರಿನ ಕನ್ನಡದಲ್ಲಿ ಹೇಳಿತು.

ಎಚ್ಚರವಾದಾಗ ಬಸ್ಸು ನಿಫಾಡದ ನಿಲ್ದಾಣದಲ್ಲಿತ್ತು. ಆ ಕೈಯ ಗುರುತು ನನಗೆ ಹತ್ತಿತ್ತು. ಹತ್ತದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಲೋಹದ ವಿದ್ಯೆಯನ್ನು ನನಗೆ ಅಕ್ಷರದಿಂದ ಕಲಿಸಿದ ಕೈ ಅದು.

* * *

ಕೇಶವಮೂರ್ತಿಯವರು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಗುಣಪರೀಕ್ಷೆ ಮಾಡುತ್ತಿದ್ದವರು. ನಿವೃತ್ತಿಯಾದ ಮೇಲೆ ಅಂಬಡದಲ್ಲಿ ಶಿವಲಿಂಗ ಕೆಲಸ ಮಾಡುವ ಈ ಸಣ್ಣ ಕಾರ್ಖಾನೆ ತೆರೆದರು. ಓದು ಮುಗಿಸಿದ ಹೊಸದರಲ್ಲಿ ನಾನು ಅವರ ಕೈಕೆಳಗೆ ಇದ್ದವಳು. ಇಂದಿರಾನಗರದ ಅವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ.

“ಬಾಮ್ಮ ವಸುಧಾ, ಒದ್ದೆ ಆಗ್ಬಿಟ್ಟಿದೀಯಲ್ಲ,” ಅಂದರು. ಹಿಂದೆ ನಿಂತ ಭಾಗ್ಯಶ್ರೀಯನ್ನು ಕಂಡು ಅವರ ಮುಖದ ನಗು ಒಂದು ಗಳಿಗೆ ನಿಂತುಹೋಯಿತು. “ನೀನೂ ಬಾಮ್ಮ. ಶಿವಲಿಂಗನ ಸುದ್ದಿ ಏನಾದ್ರೂ ಬಂತಾ?”

“ಇಲ್ರಿ ಸಾಹೇಬ್ರ,” ಅಂದಳು ಭಾಗ್ಯಶ್ರೀ.

ಅವರ ಹೆಂಡತಿ ವನಜಾ ಕಾಫಿ ತಂದರು. ಭಾಗ್ಯಶ್ರೀಯ ತಲೆಗೆ ಒಂದು ಟವಲ್ಲನ್ನೂ ತಂದುಕೊಟ್ಟರು. ಆ ಮನೆಯ ಪ್ರೀತಿ ಹಾಗೆಯೇ ಇತ್ತು, ಅದು ನನ್ನ ಕೆಲಸವನ್ನು ಇನ್ನಷ್ಟು ಕಷ್ಟ ಮಾಡಿತು.

“ಸರ್, ಹಲಗೆ ಗಿಡ್ಡ ಬಂದಿದ್ದ ಆ ಎರಡು ತೋಳು ಏನಾದವು?”

“ಯಾವ್ದು?”

“ತೂತು ಉಳಿದಿದ್ದವು.”

“ಓ, ಅವಾ. ಗುಜರಿಗೆ ಹಾಕಿದ್ವಿ.”

“ವಾಳೂಜಿನಲ್ಲಿ ಮುರಿದದ್ದರಲ್ಲಿ ತೂತಿದೆ. ಆರ್ಗಾನ್ ಹಚ್ಚಿ ತುಂಬಿದಾರೆ. ಸೂಜಿ ಕಂಡೆ, ಸರ್. ಎಣ್ಣೆಯಲ್ಲಿ ಉಜ್ಜಿ ನೋಡಿದೆ.”

“ಎಣ್ಣೇಲಿ ಉಜ್ಜಿದ್ಯಾ?” ಅವರ ದನಿಯಲ್ಲಿ ಒಂದು ಸಣ್ಣ ಹೆಮ್ಮೆ ಹಣಕಿತು, ತಡೆಯಲಾಗಲಿಲ್ಲ ಅವರಿಗೆ. “ಎಷ್ಟು ಜನಕ್ಕೆ ಅದು ಹೊಳೆಯುತ್ತೆ. ಸರಿ, ತುಂಬಿದಾರೆ. ಶಿವಲಿಂಗಾನೇ ಯಾರಿಗೋ ಹೇಳಿ ತುಂಬಿಸಿರ್ಬೇಕು. ಅವನ ವಿಭೂತಿ ಇದೆಯಲ್ಲ ಅದರ ಮೇಲೆ.”

“ವಿಭೂತಿ ಇದೆ. ಒರೆಸಿದರೆ ಹೋಗ್ತಾ ಇಲ್ಲ.”

ಅವರು ಕಾಫಿ ಲೋಟವನ್ನು ಕೆಳಗಿಟ್ಟರು.

“ಲ್ಯಾಕರ್ ಬಳಿದಿದಾರೆ ಸರ್. ಶಿವಲಿಂಗನಿಗೆ ಅದು ಅಳಿಸಿಹೋದರೆ ಇನ್ನೊಮ್ಮೆ ಹಚ್ಚಿದರಾಯಿತು. ಗಾಡಿ ಏರುವವರೆಗೆ ಅಳಿಸಿಹೋಗದೆ ಇರಲಿ ಎಂದು ಯಾರಿಗೆ ಚಿಂತೆ ಇತ್ತೋ ಅವರು ಬಳಿದಿದಾರೆ. ಯೋಚನೆ ಮಾಡಿ ಬಳಿದದ್ದೂ ಅಲ್ಲ, ಕೈಗೆ ಅಭ್ಯಾಸವಾಗಿತ್ತು, ಕೈ ಬಳಿಯಿತು. ಗುರುತು ಹಾಕಿದ ಮೇಲೆ ಕಾಪಾಡಬೇಕು ಅಂತ ನನಗೆ ಹೇಳಿಕೊಟ್ಟವರು ಯಾರು?”

ಹೊರಗೆ ಮಳೆ ನಿಂತು ಬಿಸಿಲು ಬಂತು. ಮಳೆಯ ಮೇಲಿನ ಬಿಸಿಲು ನಾಸಿಕದಲ್ಲಿ ಜೇನಿನ ಬಣ್ಣಕ್ಕಿರುತ್ತದೆ. ಆ ಬೆಳಕಿನಲ್ಲಿ ಅವರು ತಮ್ಮ ಬಲಗೈಯನ್ನೇ ನೋಡಿಕೊಂಡರು.

“ಆ ಕಡೆಗೆ ಭಾರ ಬೀಳಲ್ಲ ಅಂತ ಲೆಕ್ಕ ಹಾಕಿದ್ದೆ,” ಅಂದರು ಕೊನೆಗೆ. “ಗಿರಾಕಿಗಳು ತಡೆಯೋ ಹಾಗಿರ್ಲಿಲ್ಲ. ಅಷ್ಟು ದಿನ ಮಾಡಿದ ಕೆಲಸ, ಒಂದು ಸಣ್ಣ ತೂತಿಗೆ ಎಸೆಯೋದಾ ಅನ್ನಿಸ್ತು. ನಾನೇ ಆರ್ಗಾನ್ ಹಿಡಿದೆ, ವಿಭೂತೀನೂ ನಾನೇ ಎಳೆದೆ. ಬೇರೆಯವ್ರಿಗೆ ಹೇಳೋಕೆ ನಾಚಿಕೆ ಆಯ್ತು. ಸೂಜಿ ಬರುತ್ತೆ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರ್ಲಿಲ್ಲ.”

ವನಜಾ ಬಾಗಿಲಲ್ಲೇ ಕೂತುಬಿಟ್ಟರು. ಭಾಗ್ಯಶ್ರೀ ಟವಲ್ಲನ್ನು ಮಡಚಿ, ಬಹಳ ಜೋಪಾನವಾಗಿ ಕುರ್ಚಿಯ ಮೇಲಿಟ್ಟಳು. ಅದನ್ನು ಹೊದೆಯಲು ಅವಳಿಗೆ ಇನ್ನು ಮನಸ್ಸಿರಲಿಲ್ಲ.

“ಇದನ್ನೇ ಜಯಮಾಲಾ ಅವರಿಗೆ ಹೇಳಿ, ಸರ್.”

“ಇಲ್ಲಮ್ಮ. ನಿನ್ನ ಹತ್ರ ಹೇಳ್ದೆ, ನೀನು ನನ್ನ ಮಗಳ ಹಾಗೆ. ಪೊಲೀಸ್ ಮುಂದೆ ಹೇಳಲ್ಲ. ಈ ವಯಸ್ಸಲ್ಲಿ ನಾನು ಜೈಲಿಗೆ ಹೋದ್ರೆ ಇವಳ ಗತಿ ಏನು? ಅವನು ಚಿಕ್ಕವನು, ವಕೀಲರನ್ನ ಇಡ್ತೀನಿ, ಬಿಡಿಸ್ಕೊಂಡು ಬರ್ತೀನಿ.”

ಇಷ್ಟು ವರ್ಷ ನಾನು ಯಾರಿಗೆ ಹೆದರುತ್ತಿದ್ದೆನೋ ಆ ಮನುಷ್ಯ ಇವರಲ್ಲ ಅನಿಸಿತು. ಆಗ ಇನ್ನೊಂದು ಮಾತು ತಲೆಗೆ ಬಂತು.

“ಎರಡು ತೋಳಿದ್ದವು. ಇನ್ನೊಂದು ಎಲ್ಲಿದೆ?”

ಅವರು ಲೋಟವನ್ನು ಮತ್ತೆ ಕೈಗೆತ್ತಿಕೊಂಡರು.

“ಸರ್, ಇನ್ನೊಂದು ಎಲ್ಲಿದೆ?”

“ಇಗತಪುರಿಲಿ. ಒಬ್ಬ ಕಂಟ್ರಾಕ್ಟರ್ ಶೆಡ್ಡಲ್ಲಿ. ರೈಲಿನ ಮೋಟರ್ ರಿಪೇರಿ ಮಾಡ್ತಾರೆ, ಅವನ್ನ ಎತ್ತೋಕೆ ತಗೊಂಡಿದಾರೆ.”

ಇಗತಪುರಿ. ಮಳೆ ಬಿದ್ದರೆ ಮನೆಯೊಳಗಿನ ಗೋಡೆಯೂ ಬೆವರುವ ಊರು. ವಾಳೂಜಿನ ಒಣ ಹವೆಯಲ್ಲೇ ಮುರಿದದ್ದು ಅಲ್ಲಿ ಇನ್ನೂ ನಿಂತಿರುವುದೇ ದೊಡ್ಡದು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಭಾಗ್ಯಶ್ರೀ ಗೋಡೆ ಹಿಡಿದು ನಿಂತಿದ್ದಳು.

“ಅಕ್ಕಾರ,” ಅಂದಳು. “ನಮ್ಮ ಅಣ್ಣ ರವಿಕಾಂತ ಅದೇ ಶೆಡ್ಡಿನ್ಯಾಗ ಕೆಲಸಕ್ಕ ಅದಾನ. ಅವರಿಗಿ ನಾ ಅಲ್ಲೇ ಕಳ್ಸೀನ್ರಿ.”

* * *

ಶಿವಲಿಂಗನ ಫೋನು ಬಂದ್ ಆಗಿತ್ತು. ಪೊಲೀಸರ ಹೆದರಿಕೆಗೆ ಅವಳೇ ಬಂದ್ ಮಾಡಿಸಿದ್ದಳು. ನಾನು ಜಯಮಾಲಾರಿಗೆ ಹಚ್ಚಿದೆ, ನೆಟ್‌ವರ್ಕ್ ಸಿಗಲಿಲ್ಲ. ರವಿಕಾಂತನ ಫೋನು ರಿಂಗಾಗುತ್ತಲೇ ಇತ್ತು. ಅವಳು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಕೊನೆಗೆ ಆ ಕಡೆಯಿಂದ ಮಳೆಯ ಸದ್ದು ಬಂತು, ಮಳೆಯೊಳಗಿನಿಂದ ರವಿಕಾಂತ ಬಂದ.

“ತಂಗಿ, ಪೊಲೀಸ್ರು ಬಂದಾರ. ಸಂಭಾಜಿನಗರದಿಂದ ಬಂದಾರ, ಹೆಣ್ಣು ಇನ್‌ಸ್ಪೆಕ್ಟರು.”

“ಅವರೆಲ್ಲದಾರ ಅಣ್ಣಾ?”

“ಶೆಡ್ಡಿನ್ಯಾಗ. ಏನೂ ಮಾಡಿಲ್ಲ, ಹೆದರಬ್ಯಾಡ. ಶಿವಲಿಂಗನೇ ಹಟಾ ಹಿಡದಾನ. ನನ್ನ ಜೋಡಣಿ ಹ್ಯಾಂಗದ ನೋಡ್ರಿ, ಇಲ್ಲೂ ನನ್ನದೇ ತೋಳು ಅದ, ಇಷ್ಟು ಮಳ್ಯಾಗೂ ವಿಭೂತಿ ಸುದ್ಧಾ ಹೋಗಿಲ್ಲ ಅಂತ ತೋರ್ಸಾನ. ದಿನಾ ಎತ್ತೋ ಮೋಟರೇ ಎತ್ರಿ, ನಾ ಕೆಳಗ ನಿಂದರ್ತೀನಿ ಅಂದಾನ. ಮೇಡಂ ಎತ್ತಾಕ ಹೂಂ ಅಂದ್ರು, ಕೆಳಗ ನಿಂದರಬ್ಯಾಡ ಅಂದ್ರು. ಇವ ಕೇಳವಲ್ಲ.”

“ಫೋನ್ ಅವರಿಗಿ ಕೊಡು ಅಣ್ಣಾ. ಓಡು.”

ಓಡುವ ಹೆಜ್ಜೆ, ತಗಡಿನ ಮೇಲೆ ಮಳೆ, ಯಾರದೋ ಮರಾಠಿ. ಆಮೇಲೆ ಶಿವಲಿಂಗನ ದನಿ. ಎಷ್ಟು ಶಾಂತವಾಗಿತ್ತೆಂದರೆ, ಮನೆಯ ಜಗಲಿಯ ಮೇಲೆ ಕೂತು ಮಾತಾಡಿದಂತಿತ್ತು.

“ಏನ್ ಭಾಗ್ಯಾ?”

“ಅದರ ಕೆಳಗಿಂದ ಈಚಿ ಬರ್ರಿ. ಅದು ತೂತಿಂದು. ಭಂಗಾರಕ್ಕ ಹಾಕಿಲ್ಲ, ಆರ್ಗಾನ್ ಹಚ್ಚಿ ತುಂಬ್ಯಾರ. ಅದು ಮುರೀತದ.”

“ಯಾರು ಹೇಳಿದ್ರು?”

“ಸಾಹೇಬ್ರೇ ಮಾಡ್ಯಾರ. ಸಾಹೇಬ್ರೇ ಹೇಳಿದ್ರು.”

ಅವನು ನಕ್ಕ. “ಹುಚ್ಚಿ. ಇದಕ್ಕ ಆರ್ಗಾನ್ ತೋರಿಸಬಾರದು ಅಂತ ನನಗ ಕಲಿಸಿದವರೇ ಅವರು. ಯಾರೋ ನಿನಗ ಅಂಜಿಸ್ಯಾರ. ನಿನ್ನ ಮಾತು ಕೇಳಿ ಒಮ್ಮಿ ಓಡಿ ಬಂದು ಕಳ್ಳ ಆಗೀನಿ. ಈಗ ಎಲ್ಲಾರ ಮುಂದ ಈ ಕಡೆ ಸರಿದ್ರ ಖರೇನೇ ಕಳ್ಳ ಆಗ್ತೀನಿ.”

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಶವಮೂರ್ತಿಯವರ ಮುಂದೆ ಒಡ್ಡಿದಳು.

“ಸಾಹೇಬ್ರು ಇಲ್ಲೇ ಅದಾರ. ಅವರ ಬಾಯಿಂದನೇ ಕೇಳ್ರಿ.”

“ಹೌದಾ? ನಮಸ್ಕಾರ್ರಿ ಸಾಹೇಬ್ರ.” ದನಿ ಒಮ್ಮೆಲೇ ಹಿಗ್ಗಿತು. “ತಡೀರಿ, ಮೇಡಂ ಸ್ಪೀಕರ್ ಹಚ್ಚು ಅನ್ಲತ್ತಾರ. ಹಚ್ಚೀನ್ರಿ. ಒಂದು ಮಾತು ಹೇಳ್ರಿ, ಎಲ್ಲಾರೂ ಕೇಳ್ಲಿ. ಆ ತೂತಿನ ಎರಡೂ ತೋಳು ಭಂಗಾರಕ್ಕ ಹಾಕಿದ್ರಿ ಅಲ್ಲೇನ್ರಿ?”

ಕೇಶವಮೂರ್ತಿಯವರು ಫೋನು ತೆಗೆದುಕೊಂಡರು. ಒಂದೇ ಒಂದು ‘ಇಲ್ಲ’ ಸಾಕಿತ್ತು. ಅದನ್ನು ಅಂದರೆ ಶಿವಲಿಂಗ ಬದುಕುತ್ತಾನೆ, ಜಯಮಾಲಾ ಕೇಳಿಸಿಕೊಳ್ಳುತ್ತಾರೆ. ಎರಡೂ ಅವರಿಗೆ ಗೊತ್ತಿತ್ತು.

“ಹೇಳಿಬಿಡಿ ಅಂದ್ರೆ,” ಅಂದರು ವನಜಾ ಬಾಗಿಲಿನಿಂದ. “ದಮ್ಮಯ್ಯ ಅಂತೀನಿ.”

ಅವರ ತುಟಿ ತೆರೆಯಿತು. ಕಣ್ಣು ಹೆಂಡತಿಯ ಕಡೆ ಹೋಯಿತು, ಅಲ್ಲಿಂದ ನನ್ನ ಕಡೆ ಬಂತು. ತುಟಿ ಮತ್ತೆ ಮುಚ್ಚಿಕೊಂಡಿತು.

“ನೋಡ್ರಿ ಮೇಡಂ,” ಅಂದಿತು ಫೋನಿನ ದನಿ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. “ನಮ್ಮ ಸಾಹೇಬ್ರು ತಪ್ಪಿದ್ರ ಮಾತ್ರ ಬಾಯಿ ಬಿಡ್ತಾರ. ಸುಮ್ಮ ಅದಾರ ಅಂದ್ರ ಎಲ್ಲಾ ಸರಿ ಅದ. ತಗೋ ರವಿಕಾಂತ, ಫೋನ್ ಹಿಡಿ. ಎತ್ರಿ ಇನ್ನ.”

ನಾನು ಅವರ ಕೈಯಿಂದ ಫೋನು ಕಿತ್ತುಕೊಂಡು ಜಯಮಾಲಾರ ಹೆಸರು ಹಿಡಿದು ಕೂಗಿದೆ. ಭಾಗ್ಯಶ್ರೀಯೂ ಕೂಗಿದಳು. ನಮ್ಮ ಕೂಗು ಆ ಕಡೆ ಯಾರಿಗೂ ಕೇಳಿದಂತಿರಲಿಲ್ಲ. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು, ಅದರ ನಡುವೆ ಸರಪಳಿಯೊಂದು ಭಾರ ಹಿಡಿದು ಮೆಲ್ಲಗೆ ಮೇಲೇರುವ ಸದ್ದು ಕೇಳುತ್ತಿತ್ತು.